ಉಕ್ಕುವ ನೊರೆ

ಉಪ್ಪುನೀರಿನ ಮೀನುತೊಟ್ಟಿಯನ್ನು ಹೊಸದಾಗಿ ಹೂಡಿದವರಿಂದ ನಾವು ಪದೇ ಪದೇ ಕೇಳುವ ದೂರು ಒಂದೇ: ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಬಟ್ಟಲು ಗಳಿಗೆಯೊಳಗೆ ತುಂಬಿ ಚೆಲ್ಲುತ್ತದೆ. ಬಟ್ಟಲಿನಲ್ಲಿ ಕಂದುಬಣ್ಣದ ಕೊಳೆಯಿಲ್ಲದೆ ತಿಳಿನೀರೇ ಇದ್ದರೆ ಗಾಬರಿ ಬೇಡ. ಹೊಸ ಉಪಕರಣ ಹದಕ್ಕೆ ಬರಲು ಕೆಲವು ದಿನ, ಒಮ್ಮೊಮ್ಮೆ ಎರಡು ವಾರವೂ ಹಿಡಿಯುತ್ತದೆ. ಕ್ಲೋರಿನ್ ಕಳೆಯುವ ಕೆಲವು ದ್ರಾವಣಗಳೂ ಕಲ್ಲು ಅಂಟಿಸುವ ಎಪಾಕ್ಸಿಯೂ ನೊರೆಯನ್ನು ಕೆರಳಿಸುವುದುಂಟು. ಸ್ಕಿಮ್ಮರ್ ನಿಂತ ಕೆಳತೊಟ್ಟಿಯ ನೀರನ್ನು ತಯಾರಕರು ಹೇಳಿದ ಮಟ್ಟಕ್ಕೆ ಇಳಿಸಿರಿ. ಹೊರಹರಿವಿನ ಕವಾಟವನ್ನು ಪೂರ್ತಿ ತೆರೆಯಿರಿ.

ನೆಲ ಒದ್ದೆಯಾಗುವುದು, ಮನೆಯವರ ಕೋಪವೊಂದನ್ನುಳಿದು, ಸಣ್ಣ ಮಾತು. ಆವಿಯಾದ ನೀರನ್ನು ತಾನೇ ತುಂಬುವ ಯಂತ್ರವಿದ್ದಲ್ಲಿ, ಚೆಲ್ಲಿಹೋದ ಉಪ್ಪುನೀರಿನ ಜಾಗಕ್ಕೆ ಸಿಹಿನೀರು ಸೇರುತ್ತ ಹೋಗುತ್ತದೆ, 1.025 ಇರಬೇಕಾದ ಸಾಂದ್ರತೆ ಕುಸಿದು ಮೀನಿಗೂ ಹವಳಕ್ಕೂ ಪ್ರಾಣಾಪಾಯ. ನೊರೆ ಹತೋಟಿಗೆ ಬರುವವರೆಗೆ ಆ ಯಂತ್ರವನ್ನು ನಿಲ್ಲಿಸಿ, ಸಿಹಿನೀರನ್ನು ಕೈಯಾರೆ ಅಳೆದು ಹಾಕಿರಿ.