ಹೆಸರು ಕೂಗಿದರ ಹೊಟ್ಟಿ ತುಂಬತೈತೇನು?

ನಮ್ಮ ಅಕ್ಕಲಕೋಟ ಸೀಮಿಯ ಕಾಲೇಜು ಹುಡುಗರು ಕಬಡ್ಡಿ ನೋಡಲಿಕ್ಕೆ ಹೋಗಿ, ಆಟ ಬಿಟ್ಟು ವಿದ್ಯಾಪೀಠದ ಹೆಸರಿಗೆ ಜಗಳಾ ಆಡತಾರ. ಒಬ್ಬ ‘ಪೂರಾ ಹೆಸರು ಕೂಗು’ ಅಂತಾನ, ಇನ್ನೊಬ್ಬ ‘ಬರೇ ಸೋಲಾಪುರ ಸಾಕು’ ಅಂತಾನ. ಹಿರಿಯರೇ, ಮಾಸ್ತರರೇ, ಇದಕ್ಕೇನನ್ನಬೇಕು?

ಕೊಲ್ಲಾಪುರದ ಶಿವಾಜಿ ವಿದ್ಯಾಪೀಠದಿಂದ ಬೇರೆಯಾಗಿ 2004ರಲ್ಲಿ ಸೋಲಾಪುರ ವಿದ್ಯಾಪೀಠ ಹುಟ್ಟಿತು. ಮುಂದೆ ಸಿದ್ಧೇಶ್ವರರ ಹೆಸರಿಡಿರಿ ಅಂತ ಕೆಲವರು, ಅಹಿಲ್ಯಾದೇವಿ ಹೆಸರಿಡಿರಿ ಅಂತ ಕೆಲವರು ಬೀದಿಗಿಳಿದರು. 2019ರಲ್ಲಿ ‘ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ ಸೋಲಾಪುರ ವಿದ್ಯಾಪೀಠ’ ಅಂತಾಯಿತು. ಸರಕಾರಿ ಹೆಸರು ಅದೇ. ಅಲ್ಲ ಅನ್ನುವುದು ಸುಳ್ಳು. ಆದರೆ ಬರೇ ಸೋಲಾಪುರ ಅಂದವನ ಕಾಲರು ಹಿಡಿಯುವುದೂ ದಡ್ಡತನ. ಊರಿನ ಹೆಸರು ಅದರೊಳಗೇ ಐತೆಲ್ಲ! ಪೂರಾ ಹೆಸರು ಬೇಕಂದವರೂ ಬರಿಯುವಾಗ ‘ಪಿ.ಎ.ಎಚ್.’ ಅಂತ ಮೂರಕ್ಷರದಾಗ ಮುಗಸ್ತಾರ.

ಸಿದ್ಧರಾಮ ಸೊನ್ನಲಿಗೆಯೊಳಗ ಕೆರಿ ಕಟ್ಟಿಸಿದ, ಕನ್ನಡದಾಗ ವಚನ ಹೇಳಿದ. ಅಹಿಲ್ಯಾದೇವಿ ದೂರದೂರ ಊರಿಗೆ ಬಾವಿ, ಘಾಟು, ಗುಡಿ ಕಟ್ಟಿಸಿದಳು. ಇಬ್ಬರೂ ಮಂದಿಯ ನೀರಡಿಕೆ ನೋಡಿದವರು. ಅಂಥವರನ್ನ ಎದುರಾ ಎದುರ ತಂಡ ಮಾಡಿ ನಿಲ್ಲಿಸೀರಲ್ಲ!

ನಾನು ಏಳನೇತ್ತೆ ಕಲಿತ ರೈತ, ಭಜನಿ ಪದ ಹಾಡುವವ. ನಾ ಕೇಳೋದು ಒಂದೇ. ಕನ್ನಡ ಶಾಲಿಯೊಳಗ ಓದಿದ ನಮ್ಮ ಮಕ್ಕಳಿಗೆ ಕಾಲೇಜಿಗೆ ಹೋದರ ಪಾಠ ಮರಾಠಿ, ಇಂಗ್ಲಿಷಿನಾಗ. ಅಲ್ಲಿ ತಿಳೀದೆ ಎಡವಿ ಹೊಲಕ್ಕ ಮರಳಿದವರು ನಿಮ್ಮ ಓಣ್ಯಾಗ ಎಷ್ಟು ಮಂದಿ ಅದಾರ, ಎಣಸರಿ. ಕನ್ನಡದ ಪುಸ್ತಕ, ಕನ್ನಡ ಬಲ್ಲ ಮಾಸ್ತರ ಬೇಕಂತ ಯಾರಾದರೂ ಮೋರ್ಚಾ ತೆಗದೀರೇನು? ತೆಗೀರಿ. ದಪ್ಪು ಹಿಡಕೊಂಡು ಮುಂದ ನಾ ಬರತೀನಿ.