ಸಾಲ ಮಾಡದ ಮನೆಗೆ ಸಿಬಿಲ್ ಯಾಕೆ?

"ನಮಗೆ ಬಡ್ಡಿ ಸಾಲವೇ ಬೇಡ, ಸಿಬಿಲ್ ನೋಡಿ ಏನಾಗಬೇಕು?" ಈ ಮಾತು ನಮ್ಮಲ್ಲಿ ಅನೇಕರ ಮನೆಯಲ್ಲಿ ಕೇಳುತ್ತದೆ. ಸೂದ್‌ನಿಂದ ದೂರ ಇರಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಾಲ ಮಾಡದವರು ಕ್ರೆಡಿಟ್ ರಿಪೋರ್ಟ್ ನೋಡಬೇಕಾಗಿಲ್ಲ ಎಂಬುದನ್ನು ಒಪ್ಪಲಾರೆ.

ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮೊಬೈಲ್ ಕೊಳ್ಳಲು ಹೋದರೆ 'ಝೀರೋ ಪರ್ಸೆಂಟ್ ಇಎಂಐ' ಎನ್ನುತ್ತಾರೆ. ಬಡ್ಡಿ ಇಲ್ಲವಲ್ಲ ಎಂದು ಸಹಿ ಹಾಕುತ್ತೇವೆ. ಅಲ್ಲಿ ಹಣ ಕೊಡುವುದು ಸಾಮಾನ್ಯವಾಗಿ ಅಂಗಡಿಯವರಲ್ಲ, ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಲೆಕ್ಕದಲ್ಲಿ ಅದು ಸಾಲವೇ, ಕಂತು ತಪ್ಪಿದರೆ ರಿಪೋರ್ಟಿಗೆ ಹೋಗುತ್ತದೆ.

ಜಾಮೀನೂ ಹಾಗೆಯೇ. ನಮ್ಮ ಮಾಮು ಸ್ನೇಹಿತರೊಬ್ಬರ ಆಟೋ ಸಾಲಕ್ಕೆ ಜಾಮೀನು ಹಾಕಿದ್ದರು. ಇಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ. ಆ ಸ್ನೇಹಿತರು ಕಂತು ಕಟ್ಟುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಫೈನಾನ್ಸ್‌ನವರು ಮಾಮುಗೆ ಒಂದು ಪತ್ರವನ್ನೂ ಕಳುಹಿಸಲಿಲ್ಲ. ಫ್ರಿಜ್ ಕೊಳ್ಳಲು ಹೋದಾಗ, ನಾಲ್ಕು ಜನರ ಮುಂದೆ, "ನಿಮ್ಮ ಸಿಬಿಲ್ ಸರಿಯಿಲ್ಲ" ಎಂದರು. ಜೀವನದಲ್ಲಿ ಒಂದು ರೂಪಾಯಿ ಸಾಲ ಮಾಡದ ಮನುಷ್ಯ! ವರ್ಷಕ್ಕೊಮ್ಮೆ ರಿಪೋರ್ಟ್ ನೋಡಿದ್ದರೆ ಮೊದಲೇ ಗೊತ್ತಾಗಿ, ಸ್ನೇಹಿತರನ್ನು ಕೂರಿಸಿ ಮಾತನಾಡಬಹುದಿತ್ತು.

ನಮ್ಮ ಹೆಸರುಗಳ ತೊಂದರೆ ಬೇರೆ. ಮೊಹಮ್ಮದ್ ಎಂಬುದು ಒಂದು ಕಾರ್ಡಿನಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ 'ಎಂಡಿ'. ಒಂದೇ ಹೆಸರಿನ ಬೇರೆಯವರ ಸಾಲ ನಮ್ಮ ರಿಪೋರ್ಟಿನಲ್ಲಿ ಸೇರಿಕೊಂಡರೆ, ನಾವು ನೋಡದೆ ಯಾರು ನೋಡುತ್ತಾರೆ?

ಇದಕ್ಕೆ ದುಡ್ಡು ಬೇಡ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂದು ನಾಲ್ಕು ಕಂಪನಿಗಳಿವೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2017ರಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನಮ್ಮದನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ತಪ್ಪಿದ್ದರೆ ದೂರು ಕೊಡಬಹುದು. 30 ದಿನದಲ್ಲಿ ಪರಿಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮವೂ ಇದೆ. ಹಾಗೆಂದು ಪ್ರತಿ ವಾರ ಸ್ಕೋರ್ ತೋರಿಸುವ ಆ್ಯಪ್‌ಗಳ ಹಿಂದೆ ಬೀಳಬೇಡಿ, ಸ್ಕೋರ್ ತೋರಿಸಿದ ಮರುಕ್ಷಣವೇ ಅವು ಸಾಲ ಮಾರಲು ಬರುತ್ತವೆ.

ನಾವು ಸೆಕೆಂಡ್ ಪಿಯುನವರು ಬೇಗ ಹದಿನೆಂಟು ದಾಟುತ್ತೇವೆ. ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಪೀರಿಯಡ್‌ನಲ್ಲಿ ಮಾದರಿ ರಿಪೋರ್ಟ್ ಒಂದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಮನೆಗೆ ಹೋಗಿ ಅಬ್ಬು ಅಮ್ಮಿಯರದನ್ನು ನಾವೇ ತೆಗೆದುಕೊಡುತ್ತೇವೆ.