ಗಾಳಿ ಯಾರಪ್ಪನ ಸೊತ್ತು?

ವಿಂಡ್‌ಸರ್ಫಿಂಗ್ ಕಂಡುಹಿಡಿದವರು ಯಾರು? ರಸಪ್ರಶ್ನೆಯವರ ಬಳಿ ಸಿದ್ಧ ಉತ್ತರವಿದೆ: ಅಮೆರಿಕದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್. ಸಾಕ್ಷಿ ಕೇಳಿದರೆ ಪೇಟೆಂಟ್ ತೋರಿಸುತ್ತಾರೆ. 1968ರಲ್ಲಿ ಅರ್ಜಿ, 1970ರಲ್ಲಿ ಮಂಜೂರಾತಿ. ಈ ಉತ್ತರದ ಬಗ್ಗೆ ನನಗೆ ತಕರಾರಿದೆ. ಕಾಗದ ಮಾಡಿಸಿಕೊಂಡವನೇ ಕಂಡುಹಿಡಿದವನು ಎಂಬ ನಂಬಿಕೆಯ ಬಗ್ಗೆ ಇನ್ನೂ ದೊಡ್ಡ ತಕರಾರಿದೆ.

ಮೊದಲು ಆಟವನ್ನೇ ನೋಡಿ. ತೇಲುವ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೊಂದು ಹಾಯಿ. ಹಾಯಿದೋಣಿಯಲ್ಲಿ ಕಂಬ ಅಲುಗದೆ ನಿಂತಿರುತ್ತದೆ, ತಿರುಗಿಸಲು ಚುಕ್ಕಾಣಿ ಇರುತ್ತದೆ. ಇಲ್ಲಿ ಚುಕ್ಕಾಣಿಯೇ ಇಲ್ಲ. ಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲಿದೆ. ಹಾಯಿಯ ಎರಡೂ ಬದಿಗೆ ಕಮಾನಿನಂತೆ ಹಾದುಹೋದ ಕೋಲನ್ನು ಹಿಡಿದು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ಸರಿಯುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯತ್ತ ತಿರುಗುತ್ತದೆ. ಆಡುವವರ ಮೈಯೇ ಚುಕ್ಕಾಣಿ.

ಈಗ ತಾರೀಖುಗಳನ್ನು ನೋಡಿ. 1965ರ ಆಗಸ್ಟ್ ತಿಂಗಳ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ತಮ್ಮ ಹಾಯಿಹಲಗೆಯ ಬಗ್ಗೆ ಬರೆದಿದ್ದರು. ಅವರ ಹಾಯಿ ಗಾಳಿಪಟದ ಆಕಾರದ್ದು, ಕಮಾನು ಕೋಲಿರಲಿಲ್ಲ. ಅದಕ್ಕೂ 7 ವರ್ಷ ಮೊದಲು, 1958ರಲ್ಲಿ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ ಹಲಗೆಗೆ ಹಾಯಿ ಕಟ್ಟಿ ನೀರಿಗಿಳಿದಿದ್ದ. ಅವನು ಯಾವ ಅರ್ಜಿಯನ್ನೂ ಹಾಕಲಿಲ್ಲ. ಆಡಿದ, ಅಷ್ಟೆ.

ಮುಂದೆ ಶ್ವೈಟ್ಜರ್ ಕಂಪನಿ ಟಾಬರ್ ಮರೀನ್ ಎಂಬ ಕಂಪನಿಯನ್ನು ಬ್ರಿಟನ್ನಿನ ಕೋರ್ಟಿಗೆಳೆದಾಗ ಆ ಹುಡುಗನ ಆಟವೇ ಸಾಕ್ಷಿಗೆ ಬಂತು. ಪೇಟೆಂಟಿನಲ್ಲಿದ್ದದ್ದು ಬಾಗಿದ ಕೋಲು, ಹುಡುಗನದು ನೇರ ಕೋಲು. ಆದರೆ ಹಾಯಿಯಲ್ಲಿ ಗಾಳಿ ತುಂಬಿದಾಗ ನೇರ ಕೋಲೂ ಬಾಗಿ ಕಮಾನಾಗುತ್ತಿತ್ತು! ಕಂಪನಿ ತನ್ನದೆಂದ ಆಕಾರವನ್ನು ಹುಡುಗನ ಕೋಲಿಗೆ ಗಾಳಿಯೇ ಕೊಟ್ಟಿತ್ತು. 1980ರ ದಶಕದ ಮಧ್ಯದಲ್ಲಿ ಅಲ್ಲಿನ ಅಪೀಲು ಕೋರ್ಟು ಪೇಟೆಂಟ್ ಊರ್ಜಿತವಲ್ಲ ಎಂದಿತು.

ಅಮೆರಿಕದ ಅಪೀಲು ಕೋರ್ಟು ಮಾತ್ರ 1986ರಲ್ಲಿ ಇದೇ ಶೋಧದ ಪೇಟೆಂಟನ್ನು ಎತ್ತಿಹಿಡಿಯಿತು. ಸಾಗರದ ಒಂದು ದಡದಲ್ಲಿ ಎಲ್ಲರದು, ಇನ್ನೊಂದು ದಡದಲ್ಲಿ ಒಬ್ಬರದು. ಆಗಿನ ಅಮೆರಿಕದ ಕಾಯಿದೆಯಲ್ಲಿ ಹೊರದೇಶದವರು ಒಂದು ವಸ್ತುವನ್ನು ಮೊದಲೇ ಬಳಸಿದ್ದರು ಎಂಬುದು ಲೆಕ್ಕಕ್ಕಿರಲಿಲ್ಲ. ಅದು ಎಲ್ಲಾದರೂ ಅಚ್ಚಾಗಿರಬೇಕಿತ್ತು. ಹೇಲಿಂಗ್ ದ್ವೀಪದ ಹುಡುಗ ಅಚ್ಚಾಗಿರಲಿಲ್ಲ.

ಇದು ನಮಗೆ ಸಂಬಂಧವಿಲ್ಲದ ಕತೆಯೆಂದು ಕೈತೊಳೆದುಕೊಳ್ಳಬೇಡಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಪೇಟೆಂಟ್ ಸಿಕ್ಕಿದ್ದು ಇದೇ ಕಾಯಿದೆಯಡಿ. ಅದನ್ನು 1997ರಲ್ಲಿ ರದ್ದು ಮಾಡಿಸಲು ನಮ್ಮ ಸಿಎಸ್‌ಐಆರ್ ಅಚ್ಚಾದ ದಾಖಲೆಗಳನ್ನು ಹೊತ್ತು ಹೋಗಬೇಕಾಯಿತು. ಅಜ್ಜಿಯ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಅಚ್ಚಾಗದ ಹಾಡು, ಅಚ್ಚಾಗದ ಕತೆ, ಅಚ್ಚಾಗದ ಮದ್ದು ಇಷ್ಟೊಂದಿರುವ ನಾಡಿನವರು ‘ಕಾಗದ ಯಾರ ಹೆಸರಲ್ಲಿದೆ’ ಎಂಬ ಪ್ರಶ್ನೆಯನ್ನು ‘ಮಾಡಿದವರು ಯಾರು’ ಎಂಬ ಪ್ರಶ್ನೆಯೊಂದಿಗೆ ಬೆರೆಸಿದರೆ ಕಳೆದುಕೊಳ್ಳುವುದು ನಾವೇ.

ಶ್ವೈಟ್ಜರ್ ದುಡ್ಡು ಹಾಕಿ, ತಯಾರಿಸಿ, ಮಾರದಿದ್ದರೆ ಈ ಆಟ ಜಗತ್ತಿಗೆ ಗೊತ್ತಾಗುತ್ತಿತ್ತೇ, 1984ರಲ್ಲಿ ಒಲಿಂಪಿಕ್ಸ್ ಮುಟ್ಟುತ್ತಿತ್ತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹುಡುಗನ ಹಲಗೆಯಿಂದ ಜಗತ್ತಿನ ಆಟ ಹುಟ್ಟಲಿಲ್ಲ. ವಿಮಾನ ಎಂಜಿನಿಯರ್ ಡ್ರೇಕ್ ಅವರ ಬುದ್ಧಿಯೂ ಶ್ವೈಟ್ಜರ್ ಅವರ ವ್ಯಾಪಾರದ ಛಲವೂ ಸಣ್ಣವಲ್ಲ. ಮಾರಿದವರಿಗೆ ಲಾಭ ಸಲ್ಲಲಿ. ಇತಿಹಾಸವನ್ನೂ ಅವರ ಹೆಸರಿಗೆ ಖಾತೆ ಮಾಡಿಕೊಡಬೇಕೇ? ಬೇರೆ ಬೇರೆ ಊರಿನವರು ಬೇರೆ ಬೇರೆ ವರ್ಷಗಳಲ್ಲಿ ಹಲಗೆಗೆ ಹಾಯಿ ಕಟ್ಟಿದರೆಂದರೆ, ಆ ಯೋಚನೆ ಒಬ್ಬರ ಜೇಬಿನದಲ್ಲ ಎಂದೇ ಅರ್ಥ.

ಆದ್ದರಿಂದ ಉತ್ತರವನ್ನು ತಿದ್ದೋಣ. ಆಡಿದ ಹುಡುಗ, ಬರೆದು ಹಂಚಿದ ಡಾರ್ಬಿ, ರೂಪ ಕೊಟ್ಟ ಡ್ರೇಕ್, ಊರಿಗೆಲ್ಲ ಮುಟ್ಟಿಸಿದ ಶ್ವೈಟ್ಜರ್: ಎಲ್ಲರಿಗೂ ಜಾಗವಿರುವ ಉತ್ತರ ರಸಪ್ರಶ್ನೆಗೆ ಉದ್ದವಾದೀತು. ಆಗಲಿ ಬಿಡಿ.